ಒಂದು ಟನ್ ಮಡಿ ನೀರು

"ಬೆರಳು ತೆಗೀರಿ ಮೇಡಂ, ಆ ಕಪ್ಪು ಹೋಗಲ್ಲ," ಎಂದ ಇನ್ಸ್‌ಪೆಕ್ಟರ್ ಪ್ರತಾಪ್.

ಭೀಮಾಬಾಯಿ ತೆಗೆಯಲಿಲ್ಲ. ಅರವತ್ತೊಂದು ವಯಸ್ಸಿನಲ್ಲಿ, ಠಾಣೆಯ ಹಿಂದಿನ ಅಂಗಳದಲ್ಲಿ, ಅರೆಬರೆ ಸುಟ್ಟ ಟ್ರಕ್ಕಿನ ಹೊಟ್ಟೆಯ ಕೆಳಗೆ ಗೋಣಿ ಹಾಸಿಕೊಂಡು ಅಂಗಾತ ಮಲಗಿದವರಿಗೆ ಬೆರಳಿನ ಚಿಂತೆ ಎಲ್ಲಿಯದು! ಗೇರುಪೆಟ್ಟಿಗೆಯ ತಳದಲ್ಲಿ ಉಳಿದಿದ್ದ ಎಣ್ಣೆಯಲ್ಲಿ ಬೆರಳು ಅದ್ದಿ ಮೂಗಿನ ಹತ್ತಿರ ಹಿಡಿದರು. ತಳ ಹಿಡಿದ ಪಾಯಸದ ವಾಸನೆ ಬಂತು.

"ಈ ಎಣ್ಣೆ ಕುಂಕುಮದ ನೀರಿನ ಹಾಗೆ ಕೆಂಪಗಿರಬೇಕು ಕಣಪ್ಪಾ. ಇದು ಬೆಂದು ಕರಿಯಾಗಿದೆ."

"ಟ್ರಕ್ಕೇ ಬೆಂದಿದೆಯಲ್ಲ, ಎಣ್ಣೆ ಬೇಯಲ್ವಾ?"

"ಬೆಂಕಿ ಹತ್ತಿದ ಮೇಲೆ ಎಣ್ಣೆ ಬೆಂದದ್ದಲ್ಲ. ಎಣ್ಣೆ ಬೆಂದ ಮೇಲೆ ಬೆಂಕಿ ಹತ್ತಿದ್ದು. ನಿಮ್ಮ ಟಾರ್ಚ್ ಈ ಕಡೆ ಹಿಡೀರಿ."

ಹನ್ನೊಂದು ದಿನದ ಹಿಂದೆ ಚೆನ್ನೈಯ ಕೋಯಂಬೇಡು ಮೇಲ್ಸೇತುವೆಯ ಏರಿನಲ್ಲಿ ಈ ಟ್ರಕ್ಕು ತಾನು ಎಳೆಯುತ್ತಿದ್ದ ಅಡುಗೆ ಟ್ರೇಲರಿನ ಸಮೇತ ಹಿಂದಕ್ಕೆ ಜಾರಿ, ಬೆನ್ನಿಗೇ ಸ್ಕೂಟರಿನಲ್ಲಿ ಬರುತ್ತಿದ್ದ ಸತ್ಯಾತ್ಮ ಭಟ್ಟರನ್ನು ಅರೆದು ಹಾಕಿತ್ತು. ಸತ್ಯಾತ್ಮರು 'ಪಡುಕೆರೆ ವಿಲಾಸ' ಹೋಟೆಲಿನ ಹಿರಿಯ ಅಡುಗೆಯವರು. ಟ್ರಕ್ಕೂ ಟ್ರೇಲರೂ ಅದೇ ಹೋಟೆಲಿನವು. ಡ್ರೈವರ್ ಬಾಬು ಅಂದಿನಿಂದ ಜೈಲಿನಲ್ಲಿದ್ದ.

ಭೀಮಾಬಾಯಿ ಮೂವತ್ತನಾಲ್ಕು ವರ್ಷ ಮೋಟಾರು ವಾಹನ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ದುಡಿದು ನಿವೃತ್ತರಾದವರು. ಈಗ ವಿಮಾ ಕಂಪನಿಗಳಿಗೆ ಸರ್ವೆ ಮಾಡಿಕೊಡುತ್ತಾರೆ, ಈ ಟ್ರಕ್ಕಿನ ಸರ್ವೆಯೂ ಅವರದೇ. ಗಾಡಿ ಸುಳ್ಳು ಹೇಳುವುದಿಲ್ಲ, ಗಾಡಿಯವರು ಹೇಳುತ್ತಾರೆ ಎಂಬುದು ಅವರ ಅನುಭವ. ಆದ್ದರಿಂದ ಅವರು ಮೊದಲು ಗಾಡಿಯನ್ನು ಮಾತಾಡಿಸುತ್ತಾರೆ.

ಟಾರ್ಚಿನ ಬೆಳಕು ಮುಂಭಾಗಕ್ಕೆ ಸರಿಯಿತು. ಅಲ್ಲಿ ಕಂಡದ್ದನ್ನು ಭೀಮಾಬಾಯಿ ಎರಡೆರಡು ಸಲ ನೋಡಿದರು.

ಇದು ಆಟೊಮ್ಯಾಟಿಕ್ ಗೇರಿನ ಟ್ರಕ್ಕು. ಕ್ಲಚ್ಚು ಒತ್ತುವ ಕಾಲಿನ ಕೆಲಸವನ್ನು ಇಲ್ಲಿ ಎಣ್ಣೆ ಮಾಡುತ್ತದೆ. ಇಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವುದೇ ಆ ಎಣ್ಣೆ. ಭಾರ ಎಳೆಯುತ್ತ ನಿಂತು ನಿಂತು ತೆವಳಿದರೆ ಅದು ಕಡೆದು ಕಡೆದು ಕಾಯುತ್ತದೆ. ಕಾದ ಎಣ್ಣೆ ಎರಡು ಪೈಪಿನಲ್ಲಿ ಮುಂದಿರುವ ಜಾಲರಿ ಪೆಟ್ಟಿಗೆಗೆ, ಅಂದರೆ ಕೂಲರಿಗೆ ಹೋಗಿ, ಗಾಳಿಗೆ ತಣಿದು ಮರಳಬೇಕು.

ಇಲ್ಲಿ ಆ ಎರಡು ಪೈಪುಗಳೂ ಕೂಲರಿನ ತನಕ ಹೋಗಿರಲಿಲ್ಲ. ನಡುವೆಯೇ ಕತ್ತರಿಸಿ, ಗೇಣುದ್ದದ ರಬ್ಬರ್ ಕೊಳವೆಯಿಂದ ಒಂದಕ್ಕೊಂದು ಜೋಡಿಸಿದ್ದರು. ಕೊಳವೆ ಹೊಸದು, ಅದರ ಮೇಲಿನ ಕ್ಲಿಪ್ಪೂ ಹೊಸದು. ಕಾದ ಎಣ್ಣೆ ಕಾದ ಹಾಗೆಯೇ ವಾಪಸು ಬರುವ ಏರ್ಪಾಡು.

ಅವರು ನರಳುತ್ತ ಹೊರಗೆ ಬಂದು ಪ್ರತಾಪನಿಗೆ ಎಲ್ಲ ವಿವರಿಸಿದರು. ಎಣ್ಣೆ ಹಾಲಿನಂತೆ ಉಕ್ಕಿ ರಸ್ತೆಗೆ ಚೆಲ್ಲಿದೆ. ಹಿಡಿತ ತಪ್ಪಿ ಚಕ್ರ ತಿರುಗದಾಗಿದೆ. ಚೆಲ್ಲಿದ ಎಣ್ಣೆಯ ಮೇಲೆ ಹಿಂದಿನ ಚಕ್ರಗಳು ನಿಂತಿವೆ, ಬ್ರೇಕು ಒತ್ತಿದರೂ ಜಾರಿವೆ. ಬಿಸಿ ಸೈಲೆನ್ಸರಿಗೆ ತಾಗಿದ ಎಣ್ಣೆ ಹೊತ್ತಿಕೊಂಡಿದೆ. ಅವನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಹೊಸೂರಿನ ತಾಯಿಯ ಮಗ, ಪೇದೆಗಳಿಲ್ಲದಾಗ ಮಾತ್ರ ಕನ್ನಡ ಆಡುತ್ತಿದ್ದ.

"ಸೂಪರ್ ಮೇಡಂ. ನಮ್ಮ ಕೆಲಸ ಸುಲಭ ಆಯ್ತು."

"ಏನು ಸುಲಭ?"

"ಗಾಡಿ ಯಾರ ಕೈಲಿತ್ತು? ಬಾಬು ಕೈಲಿ. ರಿಪೇರಿ ಯಾರದ್ದು? ಬಾಬುದೇ ಅಂತ ಓನರ್ ಬರೆದುಕೊಟ್ಟಿದಾರೆ. ಇಲ್ಲಿ ತನಕ ಅಜಾಗರೂಕತೆ ಕೇಸು. ಈಗ ಗೊತ್ತಿದ್ದೂ ಕೊಂದ ಕೇಸು. ನಾಳೆ ಅವನ ಜಾಮೀನು ಅರ್ಜಿ ಇದೆ, ನಿಮ್ಮ ರಿಪೋರ್ಟ್ ಇವತ್ತು ಸಾಯಂಕಾಲ ಐದಕ್ಕೆ ನನ್ನ ಟೇಬಲ್ ಮೇಲೆ ಇರ್ಲಿ. ಜಾಮೀನು ಮರೆತುಬಿಡ್ಲಿ, ಹತ್ತು ವರ್ಷ ಒಳಗೆ."

ತಪ್ಪು ಗಾಡಿಯದು ಎಂದು ತೋರಿಸಿ ಬಾಬುವಿನ ಕೊರಳ ಹಗ್ಗ ಬಿಚ್ಚಲು ಹೊರಟ ಭೀಮಾಬಾಯಿ ತಾವೇ ಇನ್ನೊಂದು ಸುತ್ತು ಬಿಗಿದಿದ್ದರು. ಛೆ, ಎಂದರು ಬಾಯಿಬಿಟ್ಟೇ.

ಟ್ರೇಲರ್ ಪಕ್ಕದಲ್ಲೇ ವಾಲಿ ನಿಂತಿತ್ತು. ಒಳಗೆ ಒಲೆಗಳು, ತಪ್ಪಲೆಗಳು, ಮಸಿ. ಮೂಲೆಯಲ್ಲಿ ಸಾವಿರ ಲೀಟರಿನ ಸ್ಟೀಲ್ ಟ್ಯಾಂಕು, ಒಡೆದು ಖಾಲಿಯಾಗಿತ್ತು. ಅದರ ಬಾಯಿಗೆ ಏನೋ ಕಟ್ಟಿತ್ತು.

"ಅದು ಒರಸೋ ಬಟ್ಟೆ, ವಿಡುಂಗ ಮೇಡಂ, ಬಿಟ್ಬಿಡಿ," ಎಂದ ಪ್ರತಾಪ್.

ಒರಸುವ ಬಟ್ಟೆಯೇ? ನಾಲ್ಕು ಮಡಿಕೆ ಹಾಕಿ, ಟ್ಯಾಂಕಿನ ಬಾಯಿಗೆ ಬಿಗಿಯಾಗಿ ಕಟ್ಟಿದ ಹೊಸ ಬಿಳಿ ಬಟ್ಟೆ. ತಿರುವಲ್ಲಿಕ್ಕೇಣಿಯ ತವರುಮನೆಯಲ್ಲಿ ಭೀಮಾಬಾಯಿಯ ಅಜ್ಜಿ ಹಂಡೆಯ ಬಾಯಿಗೆ ಹೀಗೆಯೇ ಕಟ್ಟುತ್ತಿದ್ದರು. ಮಡಿ ನೀರನ್ನು ಬಾವಿಯಿಂದ ಸೇದಿ ಶೋಧಿಸಿಯೇ ತುಂಬಬೇಕು. ಖಾಲಿ ಟ್ಯಾಂಕಿಗೆ ಯಾರೂ ಈ ಬಟ್ಟೆ ಕಟ್ಟುವುದಿಲ್ಲ.

ಹಾಗಾದರೆ ಟ್ಯಾಂಕು ಅವತ್ತು ತುಂಬಿತ್ತು! ಸಾವಿರ ಲೀಟರ್ ಎಂದರೆ ಒಂದು ಟನ್. ಈ ಟ್ರಕ್ಕು ಎಳೆಯಬಹುದಾದದ್ದು ಎರಡೂವರೆ ಟನ್. ಒಲೆ, ಪಾತ್ರೆ, ಅಕ್ಕಿ ಬೇಳೆಯೇ ಎರಡೂಕಾಲು ಆಗಿತ್ತು. ಹೋಟೆಲಿನವರು ಕೊಟ್ಟ ತೂಕದ ಚೀಟಿಯಲ್ಲಿ ಟ್ಯಾಂಕು ಖಾಲಿ ಎಂದೇ ಇತ್ತು. ಭೀಮಾಬಾಯಿ ಬಟ್ಟೆ ಬಿಚ್ಚಿ, ಪ್ರತಾಪನ ಮುಂದೆಯೇ ಚೀಟಿ ಬರೆದುಕೊಟ್ಟು ಚೀಲಕ್ಕೆ ಹಾಕಿಕೊಂಡರು.

"ಸತ್ತವರ ಮೈಮೇಲೆ ಏನಿತ್ತು? ಪಟ್ಟಿ ತೋರಿಸಿ."

ಪ್ರತಾಪ್ ಫೈಲು ಕೊಟ್ಟ. ಪಂಚೆ ಒಂದು, ಒದ್ದೆ. ಚೆಕ್ಸ್ ಶರ್ಟು ಒಂದು, ಒಣಗಿದ್ದು, ರಕ್ತದ ಕಲೆ. ಮೊಬೈಲ್ ಇಲ್ಲ.

"ಫೈರ್ ಎಂಜಿನ್ ನೀರು ತಾಗಿ ಪಂಚೆ ಒದ್ದೆ ಆಗಿರುತ್ತೆ," ಎಂದ ಅವನು.

"ಶರ್ಟಿಗೆ ತಾಗದೆ ಪಂಚೆಗೆ ಮಾತ್ರ ತಾಗಿತಾ?"

ಪ್ರತಾಪ್ ಪುಟ ತಿರುಗಿಸಿದ. ಬಾಬುವಿನ ಫೋನಿನ ಕರೆಗಳ ಪಟ್ಟಿ ಅದು. ಒಂಬತ್ತು ಮೂವತ್ತೈದಕ್ಕೆ ಬಾಬು ಹೋಟೆಲಿನ ಯಜಮಾನ ರೂಪೇಶನಿಗೆ ಮಾಡಿದ ಕರೆ. ಆಮೇಲೆ ರೂಪೇಶನ ಹೆಂಡತಿ ಪ್ರಣಮ್ಯಾಳಿಂದ ಬಾಬುವಿಗೆ ಮೂರು ಕರೆ. ಮೂರನ್ನೂ ಅವನು ಎತ್ತಿರಲಿಲ್ಲ.

"ಆಯಮ್ಮನ್ನ ಕೇಳಿದೆ. ಬಾಳೆ ಎಲೆ ಸಾಕಾ ಅಂತ ಕೇಳೋಕೆ ಮಾಡಿದ್ದಂತೆ."

"ಬಾಳೆ ಎಲೆಗೆ ಮೂರು ಸಲ?" ಎಂದರು ಭೀಮಾಬಾಯಿ, ಕೈ ಒರಸಿಕೊಳ್ಳುತ್ತ.

*

ಪುಳಲ್ ಜೈಲಿನ ಭೇಟಿ ಕೋಣೆಯಲ್ಲಿ ಜಾಲರಿಯ ಆಚೆ ಕೂತ ಬಾಬು ಹನ್ನೊಂದು ದಿನದಲ್ಲಿ ಹತ್ತು ವರ್ಷ ಮುದುಕನಾಗಿದ್ದ. ಕುಂದಾಪುರದ ಕಡಲ ಮಗ. ಮೊದಲು ಕಾಸಿಮೇಡಿನಿಂದ ಮೀನಿನ ಲಾರಿ ಓಡಿಸುತ್ತಿದ್ದವನು, ಇಪ್ಪತ್ತೆರಡು ವರ್ಷದಿಂದ ಪಡುಕೆರೆ ವಿಲಾಸದ ಡ್ರೈವರು.

"ನ್ಯೂಟ್ರಲ್ಲಿಗೆ ಹಾಕಿದ್ದೆ ಅಂತ ಹೇಳ್ತಾರೆ ಅಮ್ಮ. ಗೇರು ಡಿ-ಯಲ್ಲೇ, ಮುಂದೆ ಹೋಗುದರಲ್ಲೇ ಇತ್ತು. ಇಂಜಿನ್ ಕೂಗ್ತಾ ಉಂಟು, ಗಾಡಿ ಮುಂದೆ ಹೋಗುದಿಲ್ಲ. ಬ್ರೇಕ್ ಒತ್ತಿದೆ, ನಿಲ್ಲಲಿಲ್ಲ."

"ಎಣ್ಣೆ ಕಾದದ್ದು ನಿನಗೆ ಗೊತ್ತಾಗಲಿಲ್ವಾ?"

"ಗೊತ್ತಾಗದೆ ಉಂಟಾ? ನಾನು ಎಷ್ಟು ನೋಡಿ ಓಡಿಸುವವ! ಭಾರ ಕಟ್ಟಿದ್ರೆ ಮೊದಲು ಟೋ ಬಟನ್, ಭಾರ ಎಳೆಯುವ ಬಟನ್ ಒತ್ತುದು. ಏರಿನಲ್ಲಿ ಕೆಳಗಿನ ಗೇರು ಹಿಡಿಯುದು, ಅದು ಮೇಲೆ ಕೆಳಗೆ ಹಾರ್ಲಿಕ್ಕೆ ಬಿಡುದಿಲ್ಲ. ಸಿಗ್ನಲ್ಲಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿ ಹಿಡಿಯುದಿಲ್ಲ, ಬ್ರೇಕಿನಲ್ಲೇ ಹಿಡಿಯುದು. ಕಾದ್ರೆ ಬದಿಗೆ ಹಾಕಿ ನ್ಯೂಟ್ರಲ್ ಮಾಡಿ ಇಂಜಿನ್ ಓಡ್ತಾ ಇರ್ಲಿಕ್ಕೆ ಬಿಡುದು. ಆ ಕೂಲರ್ ಕೂಡ ನಾನೇ ಹಠ ಮಾಡಿ ಹಾಕಿಸಿದ್ದು. ಟ್ರೇಲರ್ ಎಳೀಲಿಕ್ಕೆ ಅದಿಲ್ಲದೆ ಆಗುದೇ ಇಲ್ಲ ಅಂತ ಒಂದು ತಿಂಗಳು ಜಗಳ ಮಾಡಿದ್ದೆ ರೂಪೇಶಣ್ಣನ ಹತ್ರ."

"ಆ ಕೂಲರಿನ ಪೈಪು ಯಾರೋ ಕತ್ತರಿಸಿ ಜೋಡಿಸಿದ್ದಾರೆ, ಬಾಬು."

ಅವನು ಸುಮ್ಮನೆ ನೋಡಿದ. ಆ ನೋಟದಲ್ಲಿ ನಾಟಕವಿರಲಿಲ್ಲ. ಭೀಮಾಬಾಯಿ ಬೇಕಾದಷ್ಟು ಡ್ರೈವರುಗಳ ನಾಟಕ ನೋಡಿದ್ದಾರೆ.

"ಬೆಳಿಗ್ಗೆ ಎಣ್ಣೆ ಕಡ್ಡಿ ಎಳೆದು ನೋಡಿದೆ, ಸರಿ ಇತ್ತು," ಎಂದ ನಿಧಾನಕ್ಕೆ. "ಕೆಳಗೆ ಮಲಗಿ ಪೈಪು ನೋಡ್ಲಿಲ್ಲ. ಅದು ನನ್ನ ತಪ್ಪು."

"ಹಿಂದಿನ ದಿನ ಗಾಡಿ ಎಲ್ಲಿತ್ತು?"

"ಮಂಗಳವಾರ ಸಾಯಂಕಾಲ ರೂಪೇಶಣ್ಣ ಕೀ ತಕೊಂಡ್ರು. ಟಯರಿಗೆ ಗಾಳಿ ಹಾಕಿಸಿ ತರ್ತೇನೆ, ನೀನು ಹೋಗಿ ಮಲಕ್ಕೊ ಅಂದ್ರು. ಯಾರ ಎದುರೂ ಅಲ್ಲ, ನನ್ನ ಹತ್ರ ಮಾತ್ರ."

ಭೀಮಾಬಾಯಿ ನಿಟ್ಟುಸಿರು ಬಿಟ್ಟರು. ಜೈಲಿನಲ್ಲಿರುವವನ ಮಾತಿಗೆ ಬೆಲೆ ಎಷ್ಟು ಎಂಬುದು ಅವರಿಗೆ ಗೊತ್ತಿತ್ತು.

"ರೂಪೇಶನಿಗೆ ಫೋನ್ ಯಾಕೆ ಮಾಡಿದ್ದೆ?"

"ಮಧುರವಾಯಲ್ ಹತ್ರ ಎಣ್ಣೆ ಬಿಸಿಯ ಮುಳ್ಳು ಏರ್ಲಿಕ್ಕೆ ಶುರುವಾಯ್ತು. ಬದಿಗೆ ಹಾಕಿದೆ. ಅವ್ರು ಬೆಳಿಗ್ಗೆಯೇ ಅಣ್ಣಾ ನಗರದ ಫಂಕ್ಷನ್ ಹಾಲಿಗೆ ಹೋಗಿದ್ರು. ಅಣ್ಣ, ಗಾಡಿ ತುಂಬ ಭಾರ ಉಂಟು, ಹಿಂದೆ ಎಂತ ತುಂಬಿಸಿದ್ದೀರಿ ಅಂತ ಕೇಳಿದೆ. ಯಾವಾಗ್ಲೂ ಇರುದೇ ಇರುದು, ನಿಲ್ಸಬೇಡ, ನೀನು ಹೊರಡು ಅಂದ್ರು."

"ನೀನೇ ಇಳಿದು ಬಾಗಿಲು ತೆಗೆದು ನೋಡಬಹುದಿತ್ತಲ್ಲ!"

ಬಾಬು ಅವರ ಮುಖ ನೋಡಿದ, ಇದೆಂಥ ಪ್ರಶ್ನೆ ಎನ್ನುವ ಹಾಗೆ.

"ಮಡಿ ಟ್ರೇಲರ್ ಅಲ್ವಾ ಅಮ್ಮ? ಮಡಿ ಅಡುಗೆ ಇರುವ ದಿನ ನಾನು ಆ ಬಾಗಿಲು ಮುಟ್ಟುವ ಹಾಗಿಲ್ಲ. ಹಿಂದಿನ ಬದಿಗೆ ಹೋಗುವ ಹಾಗೂ ಇಲ್ಲ. ಒಳಗೆ ಎಂತ ಹಾಕ್ತಾರೆ ಅಂತ ನಂಗೆ ಹೇಳುದೂ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ ಮುಟ್ಟಲಿಲ್ಲ ನಾನು."

ಭೀಮಾಬಾಯಿಗೆ ನಾಚಿಕೆಯಾಯಿತು. ತಮ್ಮ ಅಜ್ಜಿಯೂ ಮನೆಗೆ ನೀರು ಹೊತ್ತು ತಂದವಳನ್ನು ಹಿತ್ತಲ ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಒಂದು ಟನ್ ಭಾರವನ್ನು ಎಳೆಯುವವನಿಗೆ ಮಾತ್ರ ಆ ಭಾರದ ಸುದ್ದಿ ಹೇಳುವ ಹಾಗಿರಲಿಲ್ಲ. ಇದಕ್ಕೆ ಏನೆನ್ನಬೇಕು?

"ಆ ಪ್ರಣಮ್ಯಾ ಮೂರು ಸಲ ಫೋನ್ ಮಾಡಿದ್ದಾಳೆ."

"ಓಡಿಸುವಾಗ ನಾನು ಎತ್ತುದಿಲ್ಲ. ಎತ್ತಬಾರದು ಅಲ್ವಾ?" ಬಾಬು ಜಾಲರಿ ಹಿಡಿದುಕೊಂಡ. "ಏರು ಹತ್ತುವಾಗ ಹಿಂದಿನಿಂದ ಸ್ಕೂಟರ್ ಹಾರ್ನ್ ಹೊಡೀತಾ ಇತ್ತು ಅಮ್ಮ. ಬಿಡದೆ ಹೊಡೀತಾ ಇತ್ತು. ಯಾರೋ ಅವಸರದವ, ಹೋಗ್ಲಿ ಅಂತ ಬಿಟ್ಟೆ. ಭಟ್ರು ಅಂತ ಗೊತ್ತಿದ್ದಿದ್ರೆ..."

ಅವನು ಜಾಲರಿಗೆ ಹಣೆಯಿಟ್ಟು ಅತ್ತ. ಗಡಿಯಾರ ಎರಡು ದಾಟಿತ್ತು.

*

ಪೂನಮಲ್ಲಿಯಲ್ಲಿ ಪಡುಕೆರೆ ವಿಲಾಸದ ದೊಡ್ಡ ಅಡುಗೆಮನೆ. ಹಿತ್ತಲಲ್ಲಿ ಬಾವಿ, ಮುಂದೆ ಯಜಮಾನರ ಮನೆ. ಮೂರೂವರೆಗೆ ಭೀಮಾಬಾಯಿ ಹೋದಾಗ ಮಧ್ಯಾಹ್ನದ ಊಟದ ಗಲಾಟೆ ಮುಗಿದು, ಸೌದೆ ಒಲೆಯೊಂದು ಮಾತ್ರ ಉರಿಯುತ್ತಿತ್ತು.

ಚಂದ್ರಮತಿಯಮ್ಮ ಮಣೆಯ ಮೇಲೆ ಕೂತಿದ್ದರು. ಗಂಡ ಹೋದ ಮೇಲೆ ಹೋಟೆಲನ್ನು ಒಬ್ಬರೇ ಹದಿನೆಂಟು ವರ್ಷ ನಡೆಸಿದ ಹೆಂಗಸು. ಈಗಲೂ ಮಡಿಯುಟ್ಟೇ ಅಡುಗೆಮನೆಗೆ ಕಾಲಿಡುವವರು. ಮಗ ರೂಪೇಶ ಕುರ್ಚಿಯಲ್ಲಿ ಫೋನು ತಿರುವುತ್ತಿದ್ದ. ಸೊಸೆ ಪ್ರಣಮ್ಯಾ ಬಾಗಿಲಿಗೆ ಆತುಕೊಂಡು ನಿಂತಿದ್ದಳು. ಕಣ್ಣ ಸುತ್ತ ಕಪ್ಪಾಗಿತ್ತು.

"ಆಂಟಿ, ರಿಪೋರ್ಟ್ ಮುಗೀತಾ?" ಎಂದ ರೂಪೇಶ. "ಕ್ಲೇಮ್ ಬೇಗ ಆದ್ರೆ ಹೊಸ ಗಾಡಿ ತಗೋಬಹುದು."

"ಮುಗೀತಾ ಬಂತು. ಅವತ್ತು ಟ್ರೇಲರಿನ ಟ್ಯಾಂಕಿನಲ್ಲಿ ನೀರಿತ್ತಾ?"

"ಇಲ್ವೇ ಇಲ್ಲ. ಯಾವತ್ತೂ ಖಾಲಿ ಟ್ಯಾಂಕೇ ಹೋಗುದು."

ಭೀಮಾಬಾಯಿ ಚೀಲದಿಂದ ಬಿಳಿ ಬಟ್ಟೆ ತೆಗೆದು ಮೇಜಿನ ಮೇಲೆ ಹರಡಿದರು. ಚಂದ್ರಮತಿಯಮ್ಮ ಒಂದೇ ನೋಟಕ್ಕೆ ಗುರುತು ಹಿಡಿದರು.

"ಅದು ನಾನೇ ಹರಿದುಕೊಟ್ಟ ಬಟ್ಟೆ. ನೀರು ತುಂಬಿಸಿದ್ದೆವು. ಅದರಲ್ಲಿ ಮುಚ್ಚುದು ಎಂತ ಉಂಟು?"

"ಅಮ್ಮಾ!" ರೂಪೇಶ ಎದ್ದು ನಿಂತ. "ನಂಗೆ ಯಾಕೆ ಹೇಳ್ಲಿಲ್ಲ?"

"ಆ ಅಣ್ಣಾ ನಗರದವರದ್ದು ಎಪ್ಪತ್ತರ ಭೀಮರಥ ಶಾಂತಿ. ಬಾವಿ ನೀರೇ ಆಗಬೇಕು ಅಂದ್ರು. ಅವರದ್ದು ಫ್ಲಾಟು, ಬಾವಿ ಎಲ್ಲಿಂದ ಬರ್ತದೆ? ನೀರು ಒಯ್ಯುವ ಟೆಂಪೊದವ ಬೆಳಿಗ್ಗೆ ಕೈಕೊಟ್ಟ. ಸತ್ಯಾತ್ಮ ಬಾವಿಯಿಂದ ಸೇದಿ ತುಂಬಿಸಿದ, ಪಾಪ, ಒಬ್ಬನೇ. ನೀರಿನ ಭಾರಕ್ಕೆ ಗಾಡಿ ಕೆಡ್ತದೆ ಅಂತ ನಂಗೆ ಯಾರು ಹೇಳಿದ್ರು?"

"ಬಾಬುಗೆ ಹೇಳಿದ್ರಾ?" ಎಂದರು ಭೀಮಾಬಾಯಿ.

"ಮಡಿಯಲ್ಲಿ ಇದ್ದೆವಲ್ಲ," ಎಂದರು ಚಂದ್ರಮತಿಯಮ್ಮ. ಆಮೇಲೆ ನೆಲ ನೋಡಿದರು. ಆ ಮಾತಿನ ಅರ್ಥ ಅವರಿಗೆ ಈಗ ತಟ್ಟಿದ ಹಾಗಿತ್ತು.

ಭೀಮಾಬಾಯಿ ರೂಪೇಶನ ಕಡೆ ತಿರುಗಿದರು. "ಕೂಲರಿನ ಪೈಪು ಕತ್ತರಿಸಿ ಜೋಡಿಸಿದ್ದು ಯಾರಪ್ಪಾ?"

"ಗಾಡಿ ಬಾಬುದು. ಅವನನ್ನೇ ಕೇಳ್ಬೇಕು."

"ಮಂಗಳವಾರ ಸಾಯಂಕಾಲ ಕೀ ನಿನ್ನ ಹತ್ತಿರ ಇತ್ತಂತೆ."

"ಜೈಲಲ್ಲಿ ಇರುವವ ಎಂತ ಬೇಕಾದ್ರೂ ಹೇಳ್ತಾನೆ. ಸಾಕ್ಷಿ ಉಂಟಾ ಆಂಟಿ?"

ಎಂಥ ತಣ್ಣನೆಯ ದನಿ! ಭೀಮಾಬಾಯಿಗೆ ಸಿಟ್ಟು ನೆತ್ತಿಗೇರಿತು. ಆದರೂ ಗಂಟಲು ಏರಿಸದೆ ಕೇಳಿದರು.

"ಸೆರಿ, ಅದು ಇರ್ಲಿ. ಸತ್ಯಾತ್ಮನ ಮೈಮೇಲೆ ಒದ್ದೆ ಪಂಚೆ ಇತ್ತು, ಅದರ ಮೇಲೆ ಶರ್ಟು. ಮಡಿ ಪಂಚೆ ಉಟ್ಟವನು ಶರ್ಟು ಹಾಕಿಕೊಳ್ತಾನಾ? ಸ್ಕೂಟರ್ ಹತ್ತಿ ಕೋಯಂಬೇಡು ಟ್ರಾಫಿಕ್ಕಿಗೆ ನುಗ್ತಾನಾ? ಹೇಳಿ ಚಂದ್ರಮತಿಯಮ್ಮ, ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಚಂದ್ರಮತಿಯಮ್ಮನ ಹುಬ್ಬು ಗಂಟಿಕ್ಕಿತು. "ಇಲ್ಲ. ಸತ್ಯಾತ್ಮ ಸತ್ತರೂ ಹಾಗೆ ಮಾಡುವವನಲ್ಲ."

"ಮಾಡಿದ. ಪಂಚೆ ಒಣಗಲೂ ಬಿಡದೆ, ಮಡಿ ಬಿಟ್ಟು, ಕೈಗೆ ಸಿಕ್ಕ ಶರ್ಟು ಏರಿಸಿ ಓಡಿದ. ಹಾರ್ನ್ ಹೊಡೀತಾ ಹೋದ. ಅವನು ಟ್ರಕ್ಕಿನ ಹಿಂದೆ ಹೋಗ್ತಾ ಇರ್ಲಿಲ್ಲ, ಟ್ರಕ್ಕನ್ನ ನಿಲ್ಲಿಸೋಕೆ ಹೋಗ್ತಾ ಇದ್ದ. ಅವನಿಗೆ ಯಾರೋ ಏನೋ ಹೇಳಿದ್ದಾರೆ. ಹೇಳಿದವರೇ ಬಾಬುಗೂ ಮೂರು ಸಲ ಫೋನ್ ಮಾಡಿದ್ದಾರೆ."

ರೂಪೇಶ ಹೆಂಡತಿಯನ್ನು ನೋಡುತ್ತಿದ್ದ.

"ನಾನ್ ದಾನ್," ಎಂದಳು ಪ್ರಣಮ್ಯಾ. ಚೆನ್ನೈಯಲ್ಲೇ ಹುಟ್ಟಿ ಬೆಳೆದವಳು. ದುಃಖಕ್ಕೆ ಮೊದಲು ತಮಿಳೇ ಬಂತು. "ನಾನೇ ಹೇಳಿದ್ದು ಆಂಟಿ. ಬಾಳೆ ಎಲೆ ಅಂತ ಪೊಲೀಸ್ ಹತ್ರ ಪೊಯ್, ಸುಳ್ಳು ಹೇಳಿದೆ."

"ಪ್ರಣೂ, ಒಳಗೆ ಹೋಗು," ಎಂದ ರೂಪೇಶ.

"ಮಾಟೇನ್! ಹೋಗಲ್ಲ!" ಅವಳು ಕೂಗಿದಳು. "ಹನ್ನೊಂದು ದಿನ ಆಯ್ತು, ನಾನು ನಿದ್ದೆ ಮಾಡಿಲ್ಲ. ಆಂಟಿ, ಮಂಗಳವಾರ ಸಂಜೆ ಇವರು ಕೈಯೆಲ್ಲ ಗ್ರೀಸ್ ಮಾಡ್ಕೊಂಡು ಬಂದ್ರು. ಕೂಲರ್ ಲೀಕ್ ಆಗ್ತಾ ಇತ್ತು, ಪೈಪ್ ನಾನೇ ಜಾಯಿನ್ ಮಾಡಿದೆ, ಜಾಸ್ತಿ ಲೋಡ್ ಹಾಕಬೇಡ ಅಂತ ಬಾಬುಗೆ ಹೇಳಿದ್ದೀನಿ ಅಂದ್ರು. ನಾನು ನಂಬಿದೆ. ಬುಧವಾರ ಗಾಡಿ ಹೋದ ಮೇಲೆ ಭಟ್ರ ಹತ್ರ ಸುಮ್ನೆ ಹೇಳಿದೆ, ಪೈಪ್ ಜಾಯಿನ್ ಮಾಡಿರೋ ಗಾಡಿಯಲ್ಲಿ ಇಷ್ಟು ನೀರು ಪರವಾಗಿಲ್ವಾ ಅಂತ. ಅವರ ಮುಖ ನೋಡಬೇಕಿತ್ತು ನೀವು. ಬಾಬುಗೆ ನೀರಿನ ವಿಷ್ಯ ಯಾರೂ ಹೇಳಿಲ್ಲ ಅಂತ ಹೇಳಿ ಓಡಿದ್ರು. ನಾನು ಬಾಬುಗೆ ಫೋನ್ ಮಾಡಿದೆ, ಮಾಡಿದೆ..."

"ರೂಪೇಶನಿಗೂ ನೀರಿನ ವಿಷಯ ಗೊತ್ತಿರಲಿಲ್ಲ ಅಲ್ವಾ?" ಎಂದರು ಭೀಮಾಬಾಯಿ ಮೆಲ್ಲಗೆ.

"ಗೊತ್ತಿತ್ತು. ಗಾಡಿ ಹೊರಡೋಕೆ ಮುಂಚೆ ನಾನೇ ಮೆಸೇಜ್ ಹಾಕಿದೆ. ಟ್ಯಾಂಕ್ ಫುಲ್, ನೀರಿನ ಜೊತೆ ಅತ್ತೆ ಟ್ರೇಲರಲ್ಲೇ ಕೂತು ಬರ್ತಾರೆ ಅಂತ. ಇವರು ಸರಿ ಅಂತ ಹೆಬ್ಬೆರಳಿನ ಚಿತ್ರ ಹಾಕಿದ್ರು. ಅವತ್ತು ಸಂಜೆ ನನ್ನ ಫೋನ್ ಕಿತ್ಕೊಂಡು ಅಳಿಸಿಬಿಟ್ರು."

ಕೂಲರ್ ಇಲ್ಲವೆಂಬುದು ರೂಪೇಶನಿಗೆ ಗೊತ್ತು. ಟ್ಯಾಂಕು ತುಂಬಿದೆ ಎಂಬುದು ಗೊತ್ತು. ಮುಳ್ಳು ಏರುತ್ತಿದೆ ಎಂದು ಬಾಬು ಫೋನು ಮಾಡಿದಾಗ, ನಿಲ್ಲಿಸಬೇಡ, ಹೊರಡು ಎಂದವನು ಇವನು.

"ಇವಳಿಗೆ ತಲೆ ಸರಿ ಇಲ್ಲ ಆಂಟಿ," ಎಂದ ರೂಪೇಶ. ಹಣೆಯಲ್ಲಿ ಬೆವರು ಮೂಡಿತ್ತು. "ಅಮ್ಮ, ನೀವೇ ಹೇಳಿ."

ಚಂದ್ರಮತಿಯಮ್ಮ ಮಗನನ್ನು ದಿಟ್ಟಿಸಿ ನೋಡುತ್ತಿದ್ದರು.

"ನಾನು ಟ್ರೇಲರಿನಲ್ಲಿ ಕೂತಾಗಿತ್ತು," ಎಂದರು. ಭೀಮಾಬಾಯಿಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ. "ಬಾಗಿಲು ಹಾಕಬೇಕು, ಅಷ್ಟರಲ್ಲಿ ಪಾರ್ಸೆಲ್ ತಂದ ಒಬ್ಬ ಬಂದು ನನ್ನ ಕೈಗೇ ಕೊಟ್ಟ, ತಾಗಿಬಿಟ್ಟ. ಮಡಿ ಹೋಯ್ತು ಅಂತ ಬೈದು ಇಳಿದು ಮತ್ತೆ ಸ್ನಾನಕ್ಕೆ ಹೋದೆ. ಗಾಡಿ ಹೊರಡ್ಲಿ, ನಾವು ಹಿಂದಿನಿಂದ ಕಾರಿನಲ್ಲಿ ಬರುವ ಅಂತ ಸತ್ಯಾತ್ಮ ನನಗೆ ಕಾದು ನಿಂತ. ಫಂಕ್ಷನ್ ಹಾಲಿನಲ್ಲಿ ಇದ್ದ ಇವನಿಗೆ ಇದನ್ನು ಯಾರೂ ಹೇಳ್ಲಿಲ್ಲ."

"ಅಮ್ಮ..."

"ಮಧ್ಯಾಹ್ನ ನೀನು ಮನೆಗೆ ಬಂದೆ. ಬಾವಿ ಕಟ್ಟೆಯಲ್ಲಿ ನನ್ನನ್ನು ನೋಡಿ ಅಲ್ಲೇ ಕುಸಿದು ಕೂತೆ. ಸತ್ಯಾತ್ಮ ಹೋದನಲ್ಲ ಅಂತ ನಿಂಗೆ ಎಷ್ಟು ದುಃಖ ಅಂತ ನಾನು ಅಂದುಕೊಂಡೆ ಮಗಾ."

ರೂಪೇಶ ಕುರ್ಚಿಯ ಬೆನ್ನು ಹಿಡಿದುಕೊಂಡ.

ಭೀಮಾಬಾಯಿ ತಡಮಾಡಲಿಲ್ಲ. ಚೀಲದಿಂದ ಕಾಗದ ತೆಗೆದು, ಪ್ರಣಮ್ಯಾ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದರು. ಗ್ರೀಸು, ಪೈಪು, ಮೆಸೇಜು, ಹೆಬ್ಬೆರಳು. ಅಳಿಸಿದ ಮೆಸೇಜನ್ನು ಪೊಲೀಸರು ಮತ್ತೆ ಹುಡುಕಿ ತೆಗೆಯುವಷ್ಟರಲ್ಲಿ ಜಾಮೀನಿನ ಬಾಗಿಲು ಮುಚ್ಚಿರುತ್ತದೆ. ಇವತ್ತು ಬಾಬುವನ್ನು ಉಳಿಸುವುದು ಈ ಒಂದು ಹಾಳೆ.

"ಓದಿ ಸಹಿ ಹಾಕಮ್ಮಾ. ಐದಕ್ಕೆ ಇದು ಪ್ರತಾಪನ ಟೇಬಲ್ ಮೇಲೆ ಇರುತ್ತೆ. ನಾಳೆ ಬಾಬು ಮನೆಗೆ ಬರ್ತಾನೆ."

ಪ್ರಣಮ್ಯಾ ಸಹಿ ಹಾಕಿದಳು.

"ಇಲ್ಲಿ ಕೊಡಿ, ನಾನೂ ಓದ್ತೇನೆ," ಎಂದರು ಚಂದ್ರಮತಿಯಮ್ಮ.

ಕೊಡಬಾರದಿತ್ತು. ಮೂವತ್ತನಾಲ್ಕು ವರ್ಷದ ಸರ್ವಿಸಿನಲ್ಲಿ ಎಷ್ಟೋ ಕಾಗದ ಹರಿದದ್ದನ್ನು ನೋಡಿದ ಭೀಮಾಬಾಯಿ ಅದನ್ನು ಕೊಟ್ಟರು. ಮಗನೇ ತನ್ನನ್ನು ಸಾಯಲು ಬಿಟ್ಟನೆಂದು ಈಗಷ್ಟೇ ತಿಳಿದ ತಾಯಿ ಸಾಕ್ಷಿಯ ಸಹಿಯನ್ನೇ ಹಾಕುತ್ತಾಳೆ ಎಂದು ನಂಬಿ ಕೊಟ್ಟರು.

ಚಂದ್ರಮತಿಯಮ್ಮ ಮೊದಲಿನಿಂದ ಕೊನೆಯ ತನಕ ಓದಿದರು. ಕನ್ನಡಕ ತೆಗೆದು ಸೆರಗಿನಿಂದ ಒರಸಿದರು. ಆಮೇಲೆ ಹಾಳೆಯನ್ನು ಎರಡಾಗಿ ಹರಿದು, ನಾಲ್ಕಾಗಿ ಹರಿದು, ಎದ್ದು ಹೋಗಿ ಒಲೆಗೆ ಹಾಕಿದರು.

"ಅತ್ತೆ!" ಎಂದು ಚೀರಿದಳು ಪ್ರಣಮ್ಯಾ.

"ಇನ್ನೊಂದು ಬರೀತೇನೆ," ಎಂದರು ಭೀಮಾಬಾಯಿ. "ಅವಳು ಇನ್ನೊಂದು ಸಹಿ ಹಾಕ್ತಾಳೆ."

ಚಂದ್ರಮತಿಯಮ್ಮ ಸೊಸೆಯ ಕಡೆ ತಿರುಗಿದರು. ಬೈಯಲಿಲ್ಲ, ಹೆದರಿಸಲಿಲ್ಲ, ಬರಿದೇ ನೋಡಿದರು. ಪ್ರಣಮ್ಯಾ ಒಂದು ಹೆಜ್ಜೆ ಹಿಂದೆ ಸರಿದಳು, ಇನ್ನೊಂದು ಹೆಜ್ಜೆ ಸರಿದಳು. ಒಳಕೋಣೆಯ ಬಾಗಿಲು ಮುಚ್ಚಿ ಚಿಲಕ ಬಿದ್ದ ಸದ್ದು ಕೇಳಿಸಿತು.

"ನಿಮ್ಮನ್ನೇ ಕೊಲ್ಲೋಕೆ ಹೊರಟವನು ಕಣ್ರೀ!" ಭೀಮಾಬಾಯಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ. "ಯಾಕೆ ಅಂತ ಕೇಳೋದೂ ಇಲ್ವಾ ನೀವು?"

"ಯಾಕೆ ಅಂತ ನಂಗೆ ಗೊತ್ತುಂಟು. ಹೋಟೆಲು ಇನ್ನೂ ನನ್ನ ಹೆಸರಲ್ಲೇ ಉಂಟಲ್ಲ, ಆದ್ರೂ ಅವ ನನ್ನ ಮಗ."

ರೂಪೇಶ ತಲೆಯೆತ್ತಿ ತಾಯಿಯನ್ನು ನೋಡಿದ. ಮೊದಲ ಸಲ ಅವನ ಮುಖದಲ್ಲಿ ಭಯ ಕಂಡಿತು.

ಚಂದ್ರಮತಿಯಮ್ಮ ಗೋಡೆಯ ಮೇಲಿನ ಕಾರ್ಡು ನೋಡಿ ಫೋನಿನಲ್ಲಿ ಒಂದೊಂದೇ ಅಂಕಿ ಒತ್ತಿದರು. ಆ ಕಡೆ ಪ್ರತಾಪನ ದನಿ ಕೇಳಿಸಿತು. ಅವರು ಬೆನ್ನು ನೆಟ್ಟಗೆ ಮಾಡಿ ನಿಂತರು.

"ಇನ್ಸ್‌ಪೆಕ್ಟರಾ? ನಾನು ಚಂದ್ರಮತಿ, ಪಡುಕೆರೆ ವಿಲಾಸ. ಮಂಗಳವಾರ ಸಾಯಂಕಾಲ ಬಾಬು ಗಾಡಿಯ ಕೆಳಗೆ ಮಲಗಿ ಆ ಪೈಪು ಕತ್ತರಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೌದು, ಕೋರ್ಟಿಗೂ ಬಂದು ಹೇಳ್ತೇನೆ."